ಮಂಗಳೂರಿನ ಕಲ್ಲಚ್ಚಿನಿಂದ ನಮ್ಮ ಮೊಬೈಲ್ ಪೋಸ್ಟರ್‌ವರೆಗೆ



ಹಬ್ಬದ ಪೋಸ್ಟರ್, ಹಾಡಿನ ಹಾಳೆ, ರಕ್ತದಾನ ಶಿಬಿರದ ನೋಟಿಸು, ಇವೆಲ್ಲ ಈಗ ನಮ್ಮ ಮೊಬೈಲಿನಲ್ಲೇ ತಯಾರಾಗುತ್ತವೆ. ಆ್ಯಪ್ ತೆರೆದರೆ ಫಾಂಟ್, ಪಾಯಿಂಟ್, ಲೆಡಿಂಗ್, ಕರ್ನಿಂಗ್ ಎಂಬ ಪದಗಳು ಎದುರಾಗುತ್ತವೆ. ಕಂಪ್ಯೂಟರಿನ ಜೊತೆ ಬಂದ ಪದಗಳೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇವು ಹುಟ್ಟಿದ್ದು ಸೀಸದ ಅಚ್ಚುಮೊಳೆಗಳ ನಡುವೆ. ಈ ಚರಿತ್ರೆ ಸ್ವಲ್ಪ ತಿಳಿದರೆ ನಮ್ಮ ಕನ್ನಡ ಪೋಸ್ಟರ್‌ಗಳು ಎಲ್ಲಿ ಎಡವುತ್ತವೆ ಎಂಬುದೂ ತಿಳಿಯುತ್ತದೆ.

ಜರ್ಮನಿಯ ಮೈಂಟ್ಸ್ ನಗರದಲ್ಲಿ ಯೊಹಾನ್ನೆಸ್ ಗುಟೆನ್‌ಬರ್ಗ್ ಸುಮಾರು 1455ರ ಹೊತ್ತಿಗೆ ಬೈಬಲ್ ಮುದ್ರಿಸಿ ಮುಗಿಸಿದರು. ಹೆಚ್ಚಿನ ಪುಟಗಳಲ್ಲಿ 42 ಸಾಲುಗಳಿರುವುದರಿಂದ ಅದನ್ನು 42 ಸಾಲಿನ ಬೈಬಲ್ ಎಂದೇ ಕರೆಯುತ್ತಾರೆ. ಸೀಸ, ತವರ, ಆಂಟಿಮನಿ ಬೆರೆಸಿ ಕರಗಿಸಿ, ಒಂದೊಂದು ಅಕ್ಷರಕ್ಕೂ ಮೊಳೆ ಎರಕ ಹೊಯ್ಯುವುದು ಆ ಕಾಲದ ವಿಧಾನ. ಎರಕ ಎಂಬ ಅರ್ಥದ ಫ್ರೆಂಚ್ ಪದದಿಂದಲೇ 'ಫಾಂಟ್' ಬಂದಿದೆ. ಮೊಳೆಯ ಒಡಲಿನ ಎತ್ತರವನ್ನು ಅಳೆಯುವ ಮಾನ 'ಪಾಯಿಂಟ್'. ಇಂದಿನ ಕಂಪ್ಯೂಟರ್ ಲೆಕ್ಕದಲ್ಲಿ 72 ಪಾಯಿಂಟ್ ಸೇರಿದರೆ ಒಂದು ಇಂಚು. ಅಳೆಯುವುದು ಅಕ್ಷರವನ್ನಲ್ಲ, ಒಡಲನ್ನು. ಹಾಗಾಗಿಯೇ 36 ಪಾಯಿಂಟ್‌ನ ಎರಡು ಫಾಂಟ್‌ಗಳಲ್ಲಿ ಒಂದು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಾಣಬಹುದು.

ಎರಡು ಸಾಲುಗಳ ನಡುವೆ ಜಾಗ ಬೇಕಾದಾಗ ಸೀಸದ ತೆಳು ಪಟ್ಟಿಯನ್ನು ಇಡುತ್ತಿದ್ದರು. ಸೀಸಕ್ಕೆ ಇಂಗ್ಲಿಷಿನಲ್ಲಿ 'ಲೆಡ್', ಅದರಿಂದ 'ಲೆಡಿಂಗ್'. ಒಡಲಿನಿಂದ ಪಕ್ಕಕ್ಕೆ ಚಾಚಿಕೊಂಡ ಅಕ್ಷರದ ಭಾಗ 'ಕರ್ನ್'. ಎರಡು ಅಕ್ಷರಗಳ ನಡುವಿನ ಅಂತರ ಸರಿಪಡಿಸುವುದಕ್ಕೆ 'ಕರ್ನಿಂಗ್' ಎಂಬ ಹೆಸರು ಉಳಿದದ್ದು ಹೀಗೆ. ಮೊಳೆಗಳನ್ನಿಡುವ ಮರದ ಪೆಟ್ಟಿಗೆಗೆ 'ಕೇಸ್' ಎನ್ನುತ್ತಿದ್ದರು. ಮೇಲಿನ ಪೆಟ್ಟಿಗೆಯಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಚಿಕ್ಕಕ್ಷರ. ಅವೇ 'ಅಪ್ಪರ್ ಕೇಸ್', 'ಲೋವರ್ ಕೇಸ್'. 'ಇಟಾಲಿಕ್' ಎಂಬ ಓರೆ ಅಕ್ಷರವನ್ನು ವೆನಿಸ್ಸಿನ ಆಲ್ಡಸ್ ಮನುಷಿಯಸ್ 1501ರಲ್ಲಿ ಒಂದು ಇಡೀ ಪುಸ್ತಕಕ್ಕೆ ಬಳಸಿದರು. ಇಟಲಿಯಲ್ಲಿ ಹುಟ್ಟಿದ್ದಕ್ಕೆ ಆ ಹೆಸರು.

ಇವೆಲ್ಲ ರೋಮನ್ ಲಿಪಿಗೆ ಹೊಲಿದ ಅಂಗಿಗಳು. ಕನ್ನಡಕ್ಕೆ ತೊಡಿಸಲು ಹೋದಾಗ ಏನಾಯಿತು?

ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಆದರೆ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಇವೆ. 'ಕ್ರಿಸ್ತ' ಎಂದು ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಎರಡು ಒತ್ತು. 'ರಾಷ್ಟ್ರ' ಎಂಬಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಇಂಗ್ಲಿಷಿಗೆ ಎರಡು ಪೆಟ್ಟಿಗೆ ಸಾಕಾದರೆ, ಕನ್ನಡದ ಮೊಳೆ ಜೋಡಿಸುವವರಿಗೆ ನೂರಾರು ಖಾನೆಗಳು ಬೇಕಿದ್ದವು. ವಿಲಿಯಂ ಕೇರಿ ಅವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಸೆರಾಂಪುರದಲ್ಲಿ.

ಮಂಗಳೂರಿನಲ್ಲಿ ಬಾಸೆಲ್ ಮಿಷನಿನವರು 1841ರಲ್ಲಿ ಮುದ್ರಣಾಲಯ ತೆರೆದಾಗ ಆರಂಭಿಸಿದ್ದು ಕಲ್ಲಚ್ಚಿನಿಂದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಸರಳ ರಸಾಯನಶಾಸ್ತ್ರವೇ ಇದರ ಗುಟ್ಟು. ಸುಣ್ಣಕಲ್ಲಿನ ನಯವಾದ ಹಲಗೆಯ ಮೇಲೆ ಜಿಡ್ಡಿನ ಶಾಯಿಯ ಬರಹ ಮೂಡಿಸುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿ ಉರುಳಿಸಿದರೆ, ಅದು ಬರಹಕ್ಕೆ ಮಾತ್ರ ಹತ್ತುತ್ತದೆ. ಇಂದಿನ ಆಫ್‌ಸೆಟ್ ಮುದ್ರಣವೂ ಇದೇ ತತ್ವದ ಮೇಲೆ ನಡೆಯುತ್ತದೆ. ಇಲ್ಲಿ ಮೊಳೆಯ ಗೊಡವೆಯಿಲ್ಲ. ಕೈ ಬರೆದ ಒತ್ತಕ್ಷರ ಬರೆದ ಹಾಗೆಯೇ ಅಚ್ಚಾಗುತ್ತದೆ.

ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನದೇ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಜೈಮಿನಿ ಭಾರತ, ದಾಸರ ಪದಗಳಂಥ ನಮ್ಮ ನಾಡಿನ ಕೃತಿಗಳನ್ನೂ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದರು. ಅದೇ ಮಿಷನಿನ ಹರ್ಮನ್ ಗುಂಡರ್ಟ್ 1847ರಲ್ಲಿ ತಲಶ್ಶೇರಿ ಬಳಿಯ ಇಲ್ಲಿಕುನ್ನಿನಿಂದ ಮಲಯಾಳಂ ಪತ್ರಿಕೆ 'ರಾಜ್ಯಸಮಾಚಾರಂ' ಹೊರಡಿಸಿದರು. ಈ ಎರಡೂ ಊರುಗಳ ನಡುವೆ ಇರುವುದು ನಮ್ಮ ಕಾಸರಗೋಡು. ಎರಡು ಭಾಷೆಯ ಪತ್ರಿಕೆಗಳ ಮೊದಲ ಹೆಜ್ಜೆಗಳು ನಮ್ಮ ಆಚೆ ಈಚೆಯಲ್ಲೇ ಬಿದ್ದಿವೆ.

ಮುಂದೆ ಮೊಳೆಯ ಅಚ್ಚೇ ಎಲ್ಲೆಡೆ ನೆಲೆಯೂರಿತು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದಲೇ ಹೊರಬಂತು. ಆದರೆ ಯಂತ್ರದ ಒತ್ತಡ ನಿಲ್ಲಲಿಲ್ಲ. ಅಚ್ಚು ಮತ್ತು ಟೈಪ್‌ರೈಟರಿನ ಅನುಕೂಲಕ್ಕಾಗಿ 1971ರಲ್ಲಿ ಕೇರಳ ಸರಕಾರ ಮಲಯಾಳಂ ಲಿಪಿಯನ್ನೇ ಸರಳಗೊಳಿಸಿತು. ಅನೇಕ ಕೂಡಕ್ಷರಗಳು ಬಿಡಿಬಿಡಿಯಾದವು. ನಮ್ಮ ಮನೆಯ ಹಿರಿಯರ ಮಲಯಾಳಂ ಪುಸ್ತಕವನ್ನೂ ಶಾಲಾ ಪಠ್ಯವನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಯಂತ್ರ ಅಕ್ಷರಕ್ಕೆ ಹೊಂದಿಕೊಳ್ಳಬೇಕೋ, ಅಕ್ಷರ ಯಂತ್ರಕ್ಕೆ ಹೊಂದಿಕೊಳ್ಳಬೇಕೋ ಎಂಬ ಪ್ರಶ್ನೆ ಇದು. ಪ್ರತಿ ಪೋಸ್ಟರಿನಲ್ಲೂ ನಾವು ಇದಕ್ಕೆ ಗೊತ್ತಿಲ್ಲದೆಯೇ ಉತ್ತರ ಕೊಡುತ್ತಿರುತ್ತೇವೆ.

ಈಗ ಯಂತ್ರವನ್ನು ಬಗ್ಗಿಸುವುದು ನಮ್ಮ ಕೈಯಲ್ಲೇ ಇದೆ. ಕನ್ನಡ 1991ರಿಂದಲೇ ಯೂನಿಕೋಡಿನಲ್ಲಿದೆ. ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತ ಬೇರೆ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಅದಕ್ಕೇ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮೊದಲಾದ ಯೂನಿಕೋಡ್ ಫಾಂಟ್ ಆರಿಸಿ.

ಲೆಡಿಂಗ್ ಹೆಚ್ಚಿಸಿ. ಆ್ಯಪ್ ಕೊಡುವ ಅಂತರ ಎಷ್ಟೋ ಸಲ ಇಂಗ್ಲಿಷಿಗೆ ಹೊಂದುವಂಥದ್ದು. ಆಗ ನಮ್ಮ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.4 ಅಥವಾ 1.5ಕ್ಕೆ ಇಟ್ಟು ನೋಡಿ. ಅಕ್ಷರಗಳ ನಡುವಿನ ಜಾಗವನ್ನು ಎಳೆಯಬೇಡಿ, ಕೆಲವು ಆ್ಯಪ್‌ಗಳಲ್ಲಿ ಒತ್ತು ತನ್ನ ಅಕ್ಷರದಿಂದ ಬೇರೆಯಾಗುತ್ತದೆ. ಒತ್ತಿ ಹೇಳಲು ಓರೆ ಮಾಡುವ ಬದಲು ದಪ್ಪ ಅಕ್ಷರ ಬಳಸಿ. ಕನ್ನಡ, ಮಲಯಾಳಂ ಎರಡೂ ಇರುವ ಪೋಸ್ಟರಿನಲ್ಲಿ ಪಾಯಿಂಟ್ ಸಂಖ್ಯೆ ಒಂದೇ ಇದ್ದರೆ ಸಾಲದು. ಕಣ್ಣಿಗೆ ಎರಡೂ ಸಮನಾಗಿ ಕಾಣಬೇಕು.

ನೋಟಿಸು ಓದಲು ಕಷ್ಟವಾದರೆ ಅಜ್ಜಿ ಕನ್ನಡಕವನ್ನೇ ದೂರುತ್ತಾರೆ, ಚಿಕ್ಕ ಮಕ್ಕಳು ಪಕ್ಕದ ಇಂಗ್ಲಿಷ್ ಸಾಲಿಗೆ ಹೋಗುತ್ತಾರೆ. ಗಡಿಯಲ್ಲಿರುವ ನಮಗೆ ಇದು ಸಣ್ಣ ನಷ್ಟವಲ್ಲ. ಮುಂದಿನ ಪೋಸ್ಟರನ್ನು ಗುಂಪಿಗೆ ಕಳಿಸುವ ಮುನ್ನ ಒಬ್ಬ ಹಿರಿಯರ ಕೈಗೆ ಫೋನ್ ಕೊಟ್ಟು, ಜೋರಾಗಿ ಓದಲು ಹೇಳಿ. ಅವರು ತಡವರಿಸಿದ ಕಡೆ ಸಾಲಿಗೆ ಇನ್ನಷ್ಟು ಜಾಗ ಕೊಡಿ.