ಹೆಸರೊಂದೇ, ಧೂಳು ಹಲವು

ಹೈದರಾಬಾದಿನ ಮಲ್ಕಾಜ್‌ಗಿರಿಗೆ ಹೊಂದಿಕೊಂಡೇ ಮೌಲಾಲಿಯ ಗ್ರಾನೈಟ್ ಗುಡ್ಡವಿದೆ. ಅದರ ಆಚೆಗೆ ಮಲ್ಲಾಪುರ, ಚೆರ್ಲಪಲ್ಲಿಯ ಕೈಗಾರಿಕಾ ಪ್ರದೇಶಗಳು. ಇಲ್ಲಿ ತೆಲುಗಿನವರು ‘ದುಮ್ಮು’ ಅನ್ನುತ್ತಾರೆ, ಉರ್ದುವಿನವರು ‘ಗರ್ದ್’, ಕನ್ನಡದವರು ‘ಧೂಳು’. ಮೂರೂ ಭಾಷೆಗಳಲ್ಲಿ ಹಿಟ್ಟಿನ ಧೂಳಿಗೂ ಕಲ್ಲಿನ ಧೂಳಿಗೂ ಒಂದೇ ಹೆಸರು. ಮನೆ ಗುಡಿಸುವುದಕ್ಕೆ ಅಷ್ಟು ಸಾಕು. ಕಾರ್ಖಾನೆಗೆ ಧೂಳು ಹಿಡಿಯುವ ಯಂತ್ರ ಕೊಳ್ಳುವವರಿಗೆ ಸಾಲದು. ಆ ಯಂತ್ರಗಳ ಚರಿತ್ರೆಯೇ ಅದನ್ನು ಹೇಳುತ್ತದೆ.

1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ದೊಡ್ಡದೊಂದು ಹಿಟ್ಟಿನ ಗಿರಣಿ ಸಿಡಿದು 18 ಜನ ಸತ್ತರು. ಅಲ್ಲಿ ಮದ್ದುಗುಂಡು ಇರಲಿಲ್ಲ. ಗಾಳಿಯಲ್ಲಿ ತೇಲುತ್ತಿದ್ದ ಗೋಧಿ ಹಿಟ್ಟಿಗೆ ಕಿಡಿ ತಗುಲಿತ್ತು. ಮುಂದಿನ ದಶಕದಲ್ಲಿ ಗಿರಣಿಗಳಿಗೆ ಎರಡು ಸಾಧನಗಳು ಬಂದವು. ಒಂದು ಸೈಕ್ಲೋನ್: ಗಾಳಿಯನ್ನು ಸುಳಿಯಂತೆ ತಿರುಗಿಸಿದರೆ ಭಾರದ ಕಣ ಗೋಡೆಗೆ ಬಡಿದು ಕೆಳಗೆ ಜಾರುತ್ತದೆ. ಇನ್ನೊಂದು ಬಟ್ಟೆಯ ಚೀಲದ ಫಿಲ್ಟರ್: ನಾವು ರಾಗಿ ಹಿಟ್ಟು ಜರಡಿ ಹಿಡಿಯುವುದಕ್ಕೆ ಹತ್ತಿರದ ಉಪಾಯ. ಆದರೆ ಇಲ್ಲಿ ಬಟ್ಟೆಯ ಮೇಲೆ ಕೂತ ಧೂಳಿನ ಪದರವೇ ಮುಂದೆ ಬರುವ ಸಣ್ಣ ಧೂಳನ್ನು ತಡೆಯುತ್ತದೆ. 1907ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಕಾಟ್ರೆಲ್ ಆಮ್ಲದ ಮಂಜನ್ನು ವಿದ್ಯುತ್ತಿನಿಂದ ಹಿಡಿದ. ಹೀಗೆ ಒಂದೊಂದು ಯಂತ್ರ ಹುಟ್ಟಿದ್ದೂ ಒಂದೊಂದು ಬಗೆಯ ಧೂಳಿಗಾಗಿ.

ಎಲ್ಲ ಧೂಳೂ ಸದ್ದು ಮಾಡಿ ಕೊಲ್ಲುವುದಿಲ್ಲ. ಇದನ್ನು ಕಲಿಯಲು ಕನ್ನಡನಾಡಿನವರು ಅಮೆರಿಕಕ್ಕೆ ಹೋಗಬೇಕಿಲ್ಲ, ಕೋಲಾರದ ಚಿನ್ನದ ಗಣಿಗೆ ಹೋದರೆ ಸಾಕು. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದು ಸಿಡಿಸಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದಿಂದಲೇ. 1940ರ ದಶಕದ ತಪಾಸಣೆಯಲ್ಲಿ 7653 ಕಾರ್ಮಿಕರ ಪೈಕಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡಿತು. ಕೆಮ್ಮು, ಏದುಸಿರು ನೋಡಿ ಕ್ಷಯವೆಂದುಕೊಳ್ಳುವುದು ಸುಲಭ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಗಣಿಗಳು 2001ರಲ್ಲಿ ಮುಚ್ಚಿದವು. ಒಮ್ಮೆ ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ.

ಕೋಲಾರದ ಪಾಠ ಇಷ್ಟೇ: ಕಣ್ಣಿಗೆ ಕಾಣುವ ಧೂಳು ಬೇಗ ನೆಲಕ್ಕೆ ಬೀಳುತ್ತದೆ, ಮೂಗು ಗಂಟಲಲ್ಲೂ ನಿಲ್ಲುತ್ತದೆ. ಎದೆಯ ಆಳಕ್ಕೆ ಇಳಿಯುವುದು ಕಾಣದ್ದು, ಸುಮಾರು ಐದು ಮೈಕ್ರಾನಿಗಿಂತ ಚಿಕ್ಕದು. ಅದು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತದೆ. ಹಾಗಾಗಿ ‘ನೆಲ ಚೊಕ್ಕಟವಾಯಿತು’ ಎಂಬುದು ಯಂತ್ರದ ಯೋಗ್ಯತಾಪತ್ರವಲ್ಲ. ಮರದ ಹೊಟ್ಟಿಗೆ ಚೆನ್ನಾಗಿ ನಡೆಯುವ ಸೈಕ್ಲೋನನ್ನು ಅಗ್ಗವೆಂದು ಕಲ್ಲು ಪಾಲಿಶ್ ಮಾಡುವಲ್ಲಿ ಕೂರಿಸಿದರೆ ದಪ್ಪ ಧೂಳು ಡಬ್ಬಿಗೆ ಬೀಳುತ್ತದೆ, ಕೊಲ್ಲುವ ಧೂಳು ಗಾಳಿಗೆ ವಾಪಸಾಗುತ್ತದೆ. ಅಲ್ಲಿಗೆ ಚೀಲದ ಫಿಲ್ಟರ್ ಬೇಕು, ಅಥವಾ ಧೂಳು ಏಳುವ ಮೊದಲೇ ನೀರು. ಗಣಿಗಳಲ್ಲಿ ಒಣ ಕೊರೆತದ ಬದಲು ನೀರು ಹಾಯಿಸಿ ಕೊರೆಯಲು ತೊಡಗಿದ್ದು ಇದಕ್ಕೇ. ಜಿಗುಟು ಧೂಳು ಚೀಲವನ್ನು ಕಟ್ಟಿಹಾಕುತ್ತದೆ. ಬಿಸಿ ಗಾಳಿ ಸಾಧಾರಣ ಬಟ್ಟೆಯನ್ನು ಸುಡುತ್ತದೆ. ಹಿಟ್ಟು, ಸಕ್ಕರೆ, ಅಲ್ಯೂಮಿನಿಯಂ ಪುಡಿಗಳಿಗೆ ಸ್ಫೋಟದ ಒತ್ತಡ ಹೊರಹೋಗುವ ದಾರಿ ಬೇಕು.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ ಯಾವ ಯಂತ್ರದ ಹೆಸರನ್ನೂ ಹೇಳುತ್ತಿರಲಿಲ್ಲ. ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲೇ ಅದನ್ನು ಹೀರಬೇಕು, ಆ ಜಾಗವನ್ನು ಆದಷ್ಟೂ ಮುಚ್ಚಬೇಕು ಎನ್ನುತ್ತಿತ್ತು. ಆಯ್ಕೆಯ ಕ್ರಮವೂ ಅದರಲ್ಲೇ ಇತ್ತು. ಮೊದಲು ಧೂಳು ಎಲ್ಲಿ ಹುಟ್ಟುತ್ತದೆಂದು ನೋಡಬೇಕು, ಆಮೇಲೆ ಅದು ಎಂಥದೆಂದು ಪರೀಕ್ಷೆ ಮಾಡಿಸಬೇಕು. ಯಂತ್ರದ ರೇಟು ಕೇಳುವುದು ಆಮೇಲಿನ ಮಾತು.

ಗ್ರಾನೈಟಿನಲ್ಲೂ ಇರುವುದು ಕೋಲಾರದ ಅದೇ ಸಿಲಿಕಾ. ಮೌಲಾಲಿಯ ಗುಡ್ಡವಾಗಿ ನಿಂತಿರುವವರೆಗೆ ಅದರಿಂದ ಯಾರಿಗೂ ಕೇಡಿಲ್ಲ. ಅಂಥ ಕಲ್ಲಿಗೆ ಗರಗಸ ಇಟ್ಟ ದಿನದಿಂದ ಲೆಕ್ಕ ಶುರುವಾಗುತ್ತದೆ.