ಕುತ್ತಿಗೆಯ ಗುರಾಣಿ

ಥೈರಾಯ್ಡ್

ಬೆಂಗೇರಿಯ ಔಷಧದಂಗಡಿಯಲ್ಲಿ ‘ನಮ್ಮ ಅಕ್ಕಗ ಥೈರಾಯ್ಡ್ ಆಗೇತ್ರಿ’ ಎಂಬ ಮಾತಿಗೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಅಸಲಿಗೆ ಥೈರಾಯ್ಡ್ ರೋಗವಲ್ಲ. ಎಲ್ಲರ ಕುತ್ತಿಗೆಯಲ್ಲೂ ಇರುವ ಗ್ರಂಥಿ.

ಗ್ರೀಕರ ‘ಥುರಾ’ ಎಂದರೆ ಬಾಗಿಲು. ಬಾಗಿಲಿನಾಕಾರದ ಗುರಾಣಿ ‘ಥುರಿಯೋಸ್’. ಅದರಿಂದ ಗ್ರಂಥಿಗೆ ‘ಥೈರಾಯ್ಡ್’ ಎಂದು ಹೆಸರಿಟ್ಟವರು ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್, 1656ರಲ್ಲಿ. ಸಂಸ್ಕೃತದ ‘ದ್ವಾರ’, ಇಂಗ್ಲಿಷಿನ ‘ಡೋರ್’ ಈ ‘ಥುರಾ’ದ ದಾಯಾದಿಗಳೇ. ಕನ್ನಡದಲ್ಲಿ ‘ಗುರಾಣಿ ಗ್ರಂಥಿ’ ಎಂದು ಬರೆದದ್ದುಂಟು, ಜನರ ಬಾಯಿಗೆ ಹತ್ತಲಿಲ್ಲ. ಗ್ರಂಥಿ ಊದಿಕೊಂಡರೆ ಆಯುರ್ವೇದದ ಹಳೆಯ ಹೆಸರು ‘ಗಳಗಂಡ’.

ದೇಹದ ಕಾವಲು ಪಡೆಯೇ ಗುರಾಣಿಗೆ ಹೊಡೆಯುವ ಕಾಯಿಲೆಯನ್ನು ಜಪಾನಿನ ವೈದ್ಯ ಹಕಾರು ಹಶಿಮೊಟೊ ವಿವರಿಸಿದ್ದು 1912ರಲ್ಲಿ. ‘ವಿಟಮಿನ್’ ಪದ ಹುಟ್ಟಿದ್ದೂ ಅದೇ ವರ್ಷ! ಹಶಿಮೊಟೊ ವಿವರಿಸಿದ ಕಾಯಿಲೆಯ ರೋಗಿಗಳಲ್ಲಿ ವಿಟಮಿನ್ ಡಿ ಕೊರತೆ ಹೆಚ್ಚಾಗಿ ಕಾಣುತ್ತದೆ. ಅದೇ ಕಾರಣವೆಂದು ಇನ್ನೂ ಸಾಬೀತಾಗಿಲ್ಲ.