ಬೀಜಿಂಗಿನ ಒಂದು ಓಣಿಯ ಮನೆ

ಚೀನಾದೇಶದ ಪೂರ್ವಚರಿತ್ರೆಯನ್ನು ಕಣ್ಣಾರೆ ಕಾಣಬೇಕೆಂದು ಬೀಜಿಂಗ್ ನಗರಕ್ಕೆ ಹೋಗುವವರು ಮೊದಲು ಚಕ್ರವರ್ತಿಗಳ ಅರಮನೆಯನ್ನೂ ಮಹಾಪ್ರಾಕಾರವನ್ನೂ ನೋಡುವುದು ವಾಡಿಕೆ. ಆದರೆ ಊರಿನ ಗೃಹಸ್ಥರು ಹೇಗೆ ಬಾಳಿದರೆಂಬುದು ಅವುಗಳಿಂದ ತಿಳಿಯದು. ಅದನ್ನು ಅರಿಯಲೆಳಸುವವರು ಅರಮನೆಯ ಪೂರ್ವಕ್ಕಿರುವ ಷಿಜಿಯಾ ಎಂಬ ಓಣಿಯನ್ನು ಹೊಗಬೇಕು. ಅಲ್ಲಿಯ 24ನೆಯ ಮನೆಯಲ್ಲಿ 2013ರಲ್ಲಿ ಚಿಕ್ಕದೊಂದು ವಸ್ತುಸಂಗ್ರಹಾಲಯವು ತೆರೆಯಿತು.

ಇಂಥ ಓಣಿಗಳನ್ನು ಆ ಊರಿನವರು ‘ಹುತೋಂಗ್’ ಎನ್ನುವರು. ಇದು ಮಂಗೋಲರ ಭಾಷೆಯಿಂದ ಬಂದ ಮಾತೆಂದು ಅನೇಕ ವಿದ್ವಾಂಸರ ಮತ. ಕುಬ್ಲಾಯಿಖಾನನು 1267ರಲ್ಲಿ ತನ್ನ ಹೊಸ ರಾಜಧಾನಿಯ ನಿರ್ಮಾಣಕ್ಕೆ ತೊಡಗಿದಾಗ ಓಣಿಗಳು ಬಹುಮಟ್ಟಿಗೆ ಪೂರ್ವಪಶ್ಚಿಮವಾಗಿ ಹಾಯ್ದವು. ಇದರಿಂದ ಮನೆಗಳು ದಕ್ಷಿಣಕ್ಕೆ ಮುಖಮಾಡಿ ಚಳಿಗಾಲದ ಬಿಸಿಲನ್ನು ಪಡೆದು, ಉತ್ತರದ ಕಡುಗಾಳಿಗೆ ಬೆನ್ನು ತೋರಿ ನಿಲ್ಲುವುದು ಸಾಧ್ಯವಾಯಿತು.

ಮನೆಯ ವಿನ್ಯಾಸವಾದರೋ ಸಂಸಾರದ ಮರ್ಯಾದೆಯನ್ನೇ ಇಟ್ಟಿಗೆಯಲ್ಲಿ ಬರೆದಂತಿರುವುದು. ನಡುವೆ ಅಂಗಳ, ಸುತ್ತಲೂ ನಾಲ್ಕು ಸಾಲು. ಬಿಸಿಲು ಬೀಳುವ ಉತ್ತರದ ಸಾಲು ಹಿರಿಯರದು; ಪೂರ್ವಪಶ್ಚಿಮದವು ಮಕ್ಕಳವು; ಬೆಳಕು ಕಡಮೆಯಾದ ದಕ್ಷಿಣದ ಸಾಲು ಅತಿಥಿಗಳಿಗೂ ಆಳುಗಳಿಗೂ ಸಲ್ಲುವುದು. ತಲೆಬಾಗಿಲು ಆಗ್ನೇಯ ಮೂಲೆಯಲ್ಲಿ. ಅದನ್ನು ದಾಟಿದೊಡನೆ ಅಡ್ಡಗೋಡೆಯೊಂದು ಎದುರಾಗಿ, ಬೀದಿಯವರ ಕಣ್ಣು ಒಳಗೆ ಸುಳಿಯದಂತೆ ತಡೆಯುವುದು. ನೋಡಿದವರು “ಎಂಥ ಸುಂದರವಾದ ಶಿಸ್ತು!” ಎಂದು ತಲೆದೂಗದಿರಲಾರರು.

ಆದರೆ ಆ ಶಿಸ್ತಿನೊಳಗೆ ಬಾಳಿದವರು ಏನು ಹೇಳುವರು? ಈ ಮನೆಯು ಲಿಂಗ್ ಶುಹುವಾ ಎಂಬ ಲೇಖಕಿಯದಾಗಿತ್ತು. ಆಕೆಯ ತಂದೆ ಚಿಂಗ್ ರಾಜವಂಶದ ಕೊನೆಗಾಲದ ದೊಡ್ಡ ಅಧಿಕಾರಿ. ಆತನಿಗೆ ಹಲವರು ಹೆಂಡಿರು. 1924ರಲ್ಲಿ ರವೀಂದ್ರನಾಥ ಠಾಕೂರರು ನಂದಲಾಲ ಬೋಸರೊಡನೆ ಬೀಜಿಂಗಿಗೆ ಬಂದಾಗ, ಇನ್ನೂ ವಿದ್ಯಾರ್ಥಿನಿಯಾಗಿದ್ದ ಈಕೆ ತನ್ನ ಮನೆಯಲ್ಲಿ ಅವರನ್ನು ಚಹದಿಂದ ಸತ್ಕರಿಸಿದಳು. 1926ರಲ್ಲಿ ಚೆನ್ ಯುವಾನ್ ಎಂಬ ವಿದ್ವಾಂಸನನ್ನು ಮದುವೆಯಾದಾಗ ಮಹಲಿನ ಹಿತ್ತಲ ಭಾಗವು ಬಳುವಳಿಯಾಗಿ ಬಂದಿತೆನ್ನುವರು. ಅದೇ ಇಂದಿನ ಸಂಗ್ರಹಾಲಯ. 1953ರಲ್ಲಿ ಲಂಡನ್ನಿನಲ್ಲಿ ಆಕೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ಬಾಲ್ಯಕಥನದಲ್ಲಿ ಸವತಿಯರ ಮತ್ಸರವೂ, ಗಂಡುಮಗುವನ್ನು ಹೆರದ ತಾಯಿಯ ಅಳಲೂ ತುಂಬಿವೆ. ಬೀದಿಯ ಕಣ್ಣನ್ನು ತಡೆದ ಆ ಅಡ್ಡಗೋಡೆಯು ಒಳಗಣ ಕಣ್ಣೀರನ್ನೂ ಮರೆಮಾಡುತ್ತಿದ್ದಿತು.

1949ರ ತರುವಾಯ ಇಂಥ ಮನೆಗಳ ಬಾಳುವೆಯೇ ಬೇರೆಯಾಯಿತು. ಒಂದು ಕುಟುಂಬದ ಅಂಗಳದಲ್ಲಿ ಹಲವು ಕುಟುಂಬಗಳು ನೆಲಸಿದವು. 1976ರಲ್ಲಿ ತಾಂಗ್‌ಷಾನಿನ ಭೂಕಂಪವಾದಾಗ ಅಂಗಳಗಳಲ್ಲಿ ಎಬ್ಬಿಸಿದ ತಾತ್ಕಾಲಿಕ ಗುಡಿಸಲುಗಳಲ್ಲಿ ಅನೇಕವು ಅಲ್ಲಿಯೇ ಉಳಿದು ಅಡಿಗೆಯ ಮನೆಗಳಾದವು. ಬಳಿಕ, ವಿಶೇಷವಾಗಿ 1990ರಿಂದೀಚೆಗೆ, ಓಣಿಗಳೇ ಸಾಲುಸಾಲಾಗಿ ನೆಲಸಮವಾದವು. ಶಿಲ್ಪಶಾಸ್ತ್ರದ ಅಭಿಮಾನಿಗಳು ಆ ಗುಡಿಸಲುಗಳನ್ನು ಕುರೂಪವೆಂದು ಹಳಿಯುವುದುಂಟು. ಆದರೆ ಆ ಇಕ್ಕಟ್ಟಿನಲ್ಲಿ ಮಕ್ಕಳನ್ನು ಬೆಳೆಸಿದವರ ಬಾಳೂ ಚರಿತ್ರೆಯಲ್ಲವೆ? ಸಂಗ್ರಹಾಲಯದವರು ಇದನ್ನು ಮರೆತಿಲ್ಲ. ಪುರಾತನ ಮನೆಯ ಮಾದರಿಯ ಜೊತೆಗೆ, 1950ರ ಮತ್ತು 1970ರ ದಶಕಗಳಿಂದೀಚೆಗಿನ ಸಾಮಾನ್ಯ ಸಂಸಾರದ ಕೋಣೆಗಳನ್ನೂ ಮಂಚ, ಮೇಜು, ರೇಡಿಯೋಗಳ ಸಮೇತ ಅಣಿಗೊಳಿಸಿರುವರು.

ಎಲ್ಲಕ್ಕಿಂತಲೂ ಹೃದಯಂಗಮವಾದುದು ಶಬ್ದಗಳ ಪುಟ್ಟ ಕೋಣೆ. ಕ್ಷೌರಿಕನು ಕಬ್ಬಿಣದ ಚಿಮುಟವನ್ನು ಮೀಟಿದ ಝೇಂಕಾರ, ಸಾಣೆಯವನ ಲೋಹಫಲಕಗಳ ಕಣಕಣ, ತಿಂಡಿ ಮಾರುವವರ ಕೂಗು, ಪಾರಿವಾಳಗಳ ಬಾಲಕ್ಕೆ ಕಟ್ಟಿದ ಸೀಟಿಗಳ ಆಕಾಶಗಾನ, ಇವನ್ನೆಲ್ಲ ಅಲ್ಲಿ ಕೇಳಬಹುದು. ಗೋಡೆಯನ್ನು ಮತ್ತೆ ಕಟ್ಟಬಹುದು; ಕೂಗುವವನೇ ಇಲ್ಲದ ಮೇಲೆ ಕೂಗನ್ನು ಎಲ್ಲಿಂದ ತರುವುದು? ಓಣಿಯ ವೃದ್ಧರು ಅಲ್ಲಿಗೆ ಬಂದು ಕೇಳಿದರೆ, ಯಾವ ಕೂಗಿಗೆ ಯಾವ ಹೊತ್ತೆಂದು ಬಲ್ಲರು.

ಲಿಂಗ್ ಶುಹುವಾ ಬಹುಕಾಲ ಇಂಗ್ಲೆಂಡಿನಲ್ಲಿ ನೆಲಸಿ, ಮುಪ್ಪಿನಲ್ಲಿ ಬೀಜಿಂಗಿಗೆ ಮರಳಿದಳು. 1990ರ ಮೇ ತಿಂಗಳಲ್ಲಿ, ರೋಗಿಯಾಗಿದ್ದ ಆಕೆಯನ್ನು ಡೋಲಿಯ ಮೇಲೆ ಮಲಗಿಸಿ ಈ ಮನೆಗೆ ಕರೆತಂದರು. ಆಗ ಅದು ಶಿಶುಶಾಲೆಯಾಗಿದ್ದಿತು. ಅದಾದ ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು.